ಕುಳಿ ಒಂದೇ, ಕೂಡಿಕೆ ಬೇರೆ

ನೌಕರಿಯ ನಿಮಿತ್ತ ಘಟ್ಟದ ಮೇಲಿನ ಊರುಗಳಿಂದ ಕರಾವಳಿಗೆ ಇಳಿದು ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ನೆಲೆನಿಂತ ನಮ್ಮ ಬಂಧುಗಳ ಮನೆಗಳಲ್ಲಿ ನನ್ನ ಸೋದರಳಿಯನದೂ ಒಂದು. ಹೊನ್ನಾವರದ ಆ ಮನೆಗೆ ವರುಷಕ್ಕೊಮ್ಮೆಯಾದರೂ ಹೋಗಿ ಕೆಲವು ದಿನ ಇದ್ದುಬರುವುದು ನನ್ನ ರೂಢಿ. ಅಲ್ಲಿಯ ಪಡಸಾಲೆಯ ಮೂಲೆಯಲ್ಲಿ 2016ರಲ್ಲಿ ಕುಮಟಾದಲ್ಲಿ ಜೋಡಿಸಿ ತಂದ ಒಂದು ಗಣಕಯಂತ್ರವಿದೆ. ಮಠದಲ್ಲಿ ಓಲೆಗರಿ ಓದಲು ಕಲಿತ ನನಗೆ ಇಳಿವಯಸ್ಸಿನಲ್ಲಿ ಬೆರಳಚ್ಚು ಕಲಿಸಿದ್ದು ಆ ಯಂತ್ರವೇ. ಹಲವು ಓಲೆಗರಿ ಕಟ್ಟುಗಳಿಂದ ನಾನು ಮಾಡಿಕೊಂಡ ಪ್ರತಿಗಳೂ ಪಾಠಾಂತರದ ಟಿಪ್ಪಣಿಗಳೂ ಅದರ ಹೊಟ್ಟೆಯೊಳಗಿವೆ. ಆದುದರಿಂದ ಅದಕ್ಕೆ ಬಂದ ಕುತ್ತು ನನಗೂ ಬಂದ ಕುತ್ತೇ ಸರಿ.

ಕುತ್ತು ಬಂದದ್ದು 2025ರ ಆಷಾಢದಲ್ಲಿ. ವಿಂಡೋಸ್ 10 ಎಂಬ ಕಾರ್ಯವ್ಯವಸ್ಥೆಗೆ ಅದರ ಕಂಪನಿಯ ಬೆಂಬಲವು ಅಕ್ಟೋಬರ್ 14ಕ್ಕೆ ಮುಗಿಯಲಿದೆಯೆಂಬ ಸುದ್ದಿ ಮನೆಮನೆಗೂ ಮುಟ್ಟಿದ್ದ ಕಾಲ. ಅದರ ಮುಂದಿನ ವಿಂಡೋಸ್ 11ಕ್ಕೆ ಇಂಟೆಲ್ ಕಂಪನಿಯ ಎಂಟನೆಯ ತಲೆಮಾರಿನ ಪ್ರೊಸೆಸರ್ ಆದರೂ ಬೇಕು. ಸೋದರಳಿಯನ ಯಂತ್ರದಲ್ಲಿದ್ದುದು ಕೋರ್ ಐ3-6100. ಆ ಅಡ್ಡಗೆರೆಯ ಮುಂದಿನ ಅಂಕಿ ತಲೆಮಾರನ್ನು ಸೂಚಿಸುವುದರಿಂದ ಅದು ಆರನೆಯದು. ಯಂತ್ರವೂ ಸಾಕಷ್ಟು ನಿಧಾನವಾಗಿತ್ತು. ಮಗಳು ಕಾಲೇಜಿನ ಕೆಲಸಕ್ಕೆ ಕುಳಿತರೆ ಪರದೆ ತೆರೆಯುವಷ್ಟರಲ್ಲಿ ಚಹಾ ಕುಡಿದು ಮುಗಿಯುತ್ತಿತ್ತು. ಹೊಸ ಯಂತ್ರಕ್ಕೆ ಹಣವಿಲ್ಲ, ಪ್ರೊಸೆಸರನ್ನಷ್ಟೇ ಬದಲಿಸಿದರಾಯಿತೆಂದು ಯೋಚಿಸಿ, ಭಟ್ಕಳದ ಪರಿಚಿತರೊಬ್ಬರಿಂದ ಬಳಸಿದ ಐ5-8400 ಒಂದನ್ನು ನಾಲ್ಕು ಸಾವಿರ ರೂಪಾಯಿಗೆ ಕೊಂಡು ತಂದರು. ಕೊಟ್ಟವರು ಸುಳ್ಳಾಡಲಿಲ್ಲ. 'ಇದೂ 1151ರ ಕುಳಿಗೆ ಕೂಡುವುದೇ' ಎಂದರು. ಅದು ನಿಜವೇ ಆಗಿತ್ತು.

ಹಳೆಯದನ್ನು ತೆಗೆದು ಹೊಸದನ್ನು ಇಟ್ಟರು. ಮೂಲೆಯ ಕಚ್ಚುಗಳು ಸರಿಯಾಗಿ ಹೊಂದಿದವು, ಮೇಲಿನ ಚಿಲಕವೂ ಬಿತ್ತು. ಗುಂಡಿ ಒತ್ತಿದರೆ ಫ್ಯಾನು ತಿರುಗಿತು. ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು.

"ಅಜ್ಜಾ, ಎರಡಕ್ಕೂ 1151 ಅಂತನ ಹೇಳ್ಯಾರ, ಕುಳಿಯೊಳಗೂ ಬರೋಬ್ಬರಿ ಕುಂತೈತಿ. ಮತ್ಯಾಕ ಹತ್ತವಲ್ದು?" ಎಂದು ಹುಡುಗಿ ಕೇಳಿದಳು. ಅವಳ ಅಪ್ಪನ ಚಿಂತೆ ಬೇರೆ: "ಮಾಮಾ, ನಿಮ್ಮ ಬರವಣಿಗಿ ಎಲ್ಲಾ ಹೋತೇನೋ!" ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲವೆಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ.

ಆ ಚಿಂತೆ ನಿರಾಧಾರವೆಂದು ಮರುದಿನ ತಿಳಿಯಿತು. ಬರೆದದ್ದು ಉಳಿಯುವುದು ಹಾರ್ಡ್ ಡಿಸ್ಕಿನಲ್ಲಿ. ಪ್ರೊಸೆಸರು ಲೆಕ್ಕ ಮಾಡುವುದೇ ಹೊರತು ಕಣಜವಲ್ಲ. ಹಳೆಯ ಪ್ರೊಸೆಸರನ್ನು ಮರಳಿ ಕೂಡಿಸಿದೊಡನೆ ಯಂತ್ರ ಎಂದಿನಂತೆ ಎದ್ದು ಕುಳಿತಿತು. ಆದರೆ ಹುಡುಗಿಯ ಪ್ರಶ್ನೆ ಉಳಿದೇ ಇತ್ತು. ಅದಕ್ಕೆ ಉತ್ತರ ಹುಡುಕುತ್ತ ನಾವು ಅಜ್ಜ ಮೊಮ್ಮಗಳು ಓದಿ ತಿಳಿದುದನ್ನು, ಇದೇ ಯೋಚನೆಯಲ್ಲಿರುವ ಇತರ ಮನೆಗಳಿಗೆ ಉಪಯೋಗವಾದೀತೆಂದು ಇಲ್ಲಿ ನಿವೇದಿಸುತ್ತಿದ್ದೇನೆ.

1151 ಎಂಬುದು ಕುಳಿಯಲ್ಲಿರುವ ಸಣ್ಣ ಲೋಹದ ಮೊನೆಗಳ ಸಂಖ್ಯೆ. ಸಂಖ್ಯೆ ಒಂದೇ ಇದ್ದಮಾತ್ರಕ್ಕೆ ಯಾವ ಮೊನೆಗೆ ಯಾವ ಕೆಲಸವೆಂಬ ಹಂಚಿಕೆ ಒಂದೇ ಇರಬೇಕೆಂದಿಲ್ಲ. 2015ರ ಆರನೆಯ ತಲೆಮಾರೂ 2017ರ ಆರಂಭದ ಏಳನೆಯ ತಲೆಮಾರೂ ಒಂದು ಹಂಚಿಕೆಯವು. 2017ರ ಅಕ್ಟೋಬರಿನಲ್ಲಿ ಬಂದ ಎಂಟನೆಯ ತಲೆಮಾರಿನಲ್ಲಿ ಒಳಗಿನ ತಿರುಳುಗಳು ಹೆಚ್ಚಿದವು. ಮೊದಲು ಬರಿದೆ ಬಿಟ್ಟಿದ್ದ ಕೆಲವು ಮೊನೆಗಳನ್ನು ವಿದ್ಯುತ್ತು ಒಯ್ಯುವ ಕೆಲಸಕ್ಕೆ ಹಚ್ಚಿದರು. ಅದಕ್ಕೆ 300ರ ಸಾಲಿನ ಚಿಪ್‌ಸೆಟ್ ಇರುವ ಹೊಸ ಮದರ್‌ಬೋರ್ಡೇ ಬೇಕೆಂದು ಕಂಪನಿ ನಿಯಮ ಮಾಡಿತು. ನಮ್ಮ ಸೋದರಳಿಯನ ಬೋರ್ಡು ಎಚ್110, ಅಂದರೆ 100ರ ಸಾಲಿನದು.

ಇದರಲ್ಲಿ ವಿದ್ಯುತ್ತಿನ ಅನಿವಾರ್ಯವೆಷ್ಟು, ವ್ಯಾಪಾರದ ಲೆಕ್ಕಾಚಾರವೆಷ್ಟು ಎಂಬುದು ವಾದದ ವಿಷಯ. ಹಳೆಯ ಬೋರ್ಡಿನ ಬಯಾಸನ್ನು ತಾವೇ ತಿದ್ದಿ ಎಂಟನೆಯ ತಲೆಮಾರಿನ ಕೆಲವು ಪ್ರೊಸೆಸರುಗಳನ್ನು ಅದರಲ್ಲೇ ನಡೆಸಿ ತೋರಿಸಿದ ಸಾಹಸಿಗಳಿದ್ದಾರೆ. ಹಾಗಾಗಿ ನನ್ನ ಮಟ್ಟಿಗೆ ವ್ಯಾಪಾರದ ಪಾಲೇ ದೊಡ್ಡದೆಂದು ತೋರುತ್ತದೆ. ಆದರೆ ಅಂಥ ಸಾಹಸ ಸಂಸಾರಸ್ಥರ ಮನೆಗೆ ತಕ್ಕುದಲ್ಲ.

ಬಯಾಸು ಎಂದೆನಲ್ಲ, ಅದು ಬೋರ್ಡಿನ ಮೇಲಿನ ಒಂದು ಚಿಪ್ಪಿನಲ್ಲಿ ಬರೆದಿಟ್ಟ ಮೊದಲ ಪಾಠ. ಗುಂಡಿ ಒತ್ತಿದಾಗ ಪ್ರೊಸೆಸರಿನ ಗುರುತು ಹಿಡಿದು ಅದನ್ನು ಎಬ್ಬಿಸುವುದು ಅದರ ಕೆಲಸ. ಬೋರ್ಡು ಹುಟ್ಟಿದ ಮೇಲೆ ಹುಟ್ಟಿದ ಪ್ರೊಸೆಸರಿನ ಗುರುತು ಅದಕ್ಕೆ ಹೇಗೆ ಸಿಕ್ಕೀತು? ನಮ್ಮ ಎಚ್110 ಬೋರ್ಡಿಗೆ ಏಳನೆಯ ತಲೆಮಾರಿನದನ್ನು ಹಾಕಲು ಬರುತ್ತದೆ. ಆದರೆ ಬಯಾಸು ಹಳೆಯದಿದ್ದರೆ ಅದನ್ನು ಮೊದಲು ನವೀಕರಿಸಬೇಕು, ಅದೂ ಹಳೆಯ ಪ್ರೊಸೆಸರು ಕುಳಿಯಲ್ಲಿರುವಾಗಲೇ. ಆ ನವೀಕರಣದ ನಡುವೆ ಕರೆಂಟು ಹೋದರೆ ಪಾಠ ಅರ್ಧಕ್ಕೆ ನಿಂತು ಬೋರ್ಡೇ ಮೂಕವಾಗಬಹುದು. ಮುಂಗಾರಿನ ಗಾಳಿಮಳೆಗೆ ದಿನಕ್ಕೆ ಹಲವು ಬಾರಿ ದೀಪ ಆರುವ ಕರಾವಳಿಯಲ್ಲಿ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು.

ಇದೇನೂ ಹೊಸ ವ್ಯಾಧಿಯಲ್ಲ. 1997ರ ಜನವರಿಯಲ್ಲಿ ಪೆಂಟಿಯಂ ಎಂಎಂಎಕ್ಸ್ ಬಂದಾಗಲೂ ಹೀಗೆಯೇ ಆಗಿತ್ತು. ಅದಕ್ಕೆ ಮೊದಲಿನ ಪೆಂಟಿಯಂಗಳಿಗೆ ಸುಮಾರು 3.3 ವೋಲ್ಟಿನ ಒಂದೇ ಒತ್ತಡ ಸಾಕಿತ್ತು. ಎಂಎಂಎಕ್ಸಿಗೆ ಒಳತಿರುಳಿಗೆ 2.8, ಹೊರಸಂಪರ್ಕಕ್ಕೆ 3.3, ಹೀಗೆ ಎರಡು ಬೇಕಾದವು. ಒಂದೇ ಒತ್ತಡ ಕೊಡುವ ಬೋರ್ಡುಗಳಿದ್ದವರು ಹಾಗೆಯೇ ಕೂಡಿಸುವಂತಿರಲಿಲ್ಲ. ಇಂಟೆಲ್ಲಿನ ಪ್ರತಿಸ್ಪರ್ಧಿಯಾದ ಎಎಂಡಿ ಕಂಪನಿ ಎಎಂ4 ಎಂಬ ಒಂದೇ ಕುಳಿಯನ್ನು ಹಲವು ತಲೆಮಾರುಗಳವರೆಗೆ ಉಳಿಸಿಕೊಂಡು ಬಂದದ್ದು ಮೆಚ್ಚತಕ್ಕ ವಿಷಯ. ಅಲ್ಲಿಯೂ ಬಯಾಸಿನ ತೊಡಕು ತಪ್ಪಲಿಲ್ಲ. ಹೊಸ ಪ್ರೊಸೆಸರು ಕೊಂಡು, ಬಯಾಸು ನವೀಕರಿಸಲು ಹಳೆಯದೊಂದೂ ಕೈಯಲ್ಲಿಲ್ಲದೆ ಸಿಕ್ಕಿಬಿದ್ದವರಿಗಾಗಿ 2018ರಲ್ಲಿ ಆ ಕಂಪನಿ ತಾನೇ ಪ್ರೊಸೆಸರನ್ನು ಎರವಲು ಕಳಿಸುವ ಏರ್ಪಾಡು ಮಾಡಬೇಕಾಯಿತು.

ಹಾಗಾದರೆ ಕೊಳ್ಳುವ ಮೊದಲು ನೋಡಬೇಕಾದದ್ದು ಕುಳಿಯ ಸಂಖ್ಯೆಯನ್ನಲ್ಲ, ಬೋರ್ಡಿನ ಹೆಸರನ್ನು. ಅದು ಬೋರ್ಡಿನ ಮೇಲೆಯೇ ಅಚ್ಚಾಗಿರುತ್ತದೆ. ಪೆಟ್ಟಿಗೆ ಬಿಚ್ಚದೆಯೂ ವಿಂಡೋಸಿನ 'ಸಿಸ್ಟಂ ಇನ್ಫರ್ಮೇಶನ್' ಎಂಬಲ್ಲಿ ಸಾಮಾನ್ಯವಾಗಿ ಬಯಾಸಿನ ಆವೃತ್ತಿಯೊಡನೆ ಕಾಣಸಿಗುತ್ತದೆ. ಬೋರ್ಡು ತಯಾರಿಸಿದ ಕಂಪನಿಯು ಯಾವ ಪ್ರೊಸೆಸರಿಗೆ ಯಾವ ಬಯಾಸು ಬೇಕೆಂಬ ಪಟ್ಟಿಯನ್ನು ಪ್ರಕಟಿಸಿರುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಕೊಡುವವರು ಎಷ್ಟೇ ಭರವಸೆಯಿತ್ತರೂ ಹಣ ಕೊಡತಕ್ಕದ್ದಲ್ಲ. ಪೂರ್ತಿ ಜೋಡಿಸಿಯೇ ಮಾರುವ ಹೆಸರಾಂತ ಕಂಪನಿಗಳ ಯಂತ್ರವಾದರೆ ಇನ್ನೂ ಎಚ್ಚರ ಬೇಕು. ಅವುಗಳ ಬಯಾಸು ಹಲವೊಮ್ಮೆ ಆ ಮಾದರಿಯೊಡನೆ ಮಾರಿದ ಪ್ರೊಸೆಸರುಗಳನ್ನಷ್ಟೇ ಒಪ್ಪುತ್ತದೆ.

ಏಳನೆಯ ತಲೆಮಾರಿನ ಐ7-7700 ತಂದು ಹಾಕೋಣವೆ ಎಂದು ಸೋದರಳಿಯ ಕೇಳಿದ. ಹುಡುಗಿಯೇ ತಡೆದಳು. ಅದು ಕೂಡುವುದೇನೋ ನಿಜ, ವೇಗವೂ ಹೆಚ್ಚೀತು. ಆದರೆ ಏಳನೆಯ ತಲೆಮಾರಿನಲ್ಲಿ ಬೆರಳೆಣಿಕೆಯವನ್ನು ಬಿಟ್ಟರೆ ಉಳಿದವು ವಿಂಡೋಸ್ 11ರ ಪಟ್ಟಿಯಲ್ಲಿಲ್ಲ, ಇದೂ ಇಲ್ಲ. ಹಣ ಕೊಟ್ಟೂ ಇದ್ದಲ್ಲಿಯೇ ಇರಬೇಕು. ಅಷ್ಟಕ್ಕೂ ಯಂತ್ರ ಏಳಲು ತಡವಾಗುತ್ತಿದ್ದುದಕ್ಕೆ ಪ್ರೊಸೆಸರು ಹೆಚ್ಚಿನ ಕಾರಣವೇ ಆಗಿರಲಿಲ್ಲ. ತಿರುಗುವ ಹಾರ್ಡ್ ಡಿಸ್ಕು, ನಾಲ್ಕೇ ಜಿಬಿಯ ರ್‍ಯಾಮು, ಇವೇ ಅದರ ಕಾಲಿಗೆ ಕಟ್ಟಿದ ಕಲ್ಲುಗಳು. ಒಂದು ಎಸ್‌ಎಸ್‌ಡಿಯನ್ನೂ ಎಂಟು ಜಿಬಿಯ ರ್‍ಯಾಮನ್ನೂ ಹಾಕಿಸಿದೆವು. ಈಗ ಚಹಾದ ನೀರು ಕಾಯುವ ಮೊದಲೇ ಪರದೆ ತೆರೆಯುತ್ತದೆ.

ವಿಂಡೋಸ್ 10ಕ್ಕೆ ಮನೆಬಳಕೆಯವರಿಗಾಗಿ ಭದ್ರತೆಯ ನವೀಕರಣವನ್ನು 2026ರ ಅಕ್ಟೋಬರ್ 13ರವರೆಗೆ ವಿಸ್ತರಿಸಿಕೊಳ್ಳುವ ಅವಕಾಶ ಕೊಟ್ಟಿದ್ದರು. ಸೋದರಳಿಯ ಅದಕ್ಕೆ ನೋಂದಾಯಿಸಿದ. ಅದರಾಚೆಗೆ ಹಣ ಬೇಡದ ಲಿನಕ್ಸ್ ಹಾಕುವುದೆಂದು ಹುಡುಗಿ ಈಗಲೇ ನಿಶ್ಚಯಿಸಿದ್ದಾಳೆ. ನನ್ನ ಟಿಪ್ಪಣಿಗಳು ಅಲ್ಲಿ ತೆರೆಯುವವೆ ಎಂದು ಕೇಳಿದ್ದಕ್ಕೆ, ಒಂದೊಂದನ್ನೂ ಯೂನಿಕೋಡಿಗೆ ಬದಲಿಸಿಟ್ಟುಕೊಳ್ಳಬೇಕೆಂದಳು. ದಿನಕ್ಕೆ ಹತ್ತು ಪುಟದಂತೆ ಆ ಕೆಲಸ ನಡೆದಿದೆ. ಬದಲಿಸಿದ್ದನ್ನೆಲ್ಲ ಎರಡು ಪೆನ್‌ಡ್ರೈವುಗಳಿಗೆ ನಕಲು ಮಾಡಿ, ಒಂದನ್ನು ಹೊನ್ನಾವರದಲ್ಲಿಯೇ ಬಿಟ್ಟು, ಇನ್ನೊಂದನ್ನು ನನ್ನ ಚೀಲದಲ್ಲಿಟ್ಟುಕೊಂಡಿದ್ದೇನೆ.

ಐ5-8400 ಕೆಲವು ತಿಂಗಳು ಮೇಜಿನ ಖಾನೆಯಲ್ಲಿ ಸುಮ್ಮನೆ ಬಿದ್ದಿತ್ತು. ಕಡೆಗೆ ಭಟ್ಕಳದಲ್ಲಿಯೇ ಇನ್ನೊಂದು ಮನೆಯವರಿಗೆ ಬೇಕಾಯಿತು. ಅವರ ಬೋರ್ಡು ಎಚ್310, 300ರ ಸಾಲಿನದು. ಪಟ್ಟಿಯಲ್ಲಿ ಹೆಸರಿದೆಯೆಂದು ಹುಡುಗಿ ತಾನೇ ನೋಡಿ ಖಚಿತಪಡಿಸಿಕೊಂಡ ಮೇಲೆಯೇ ಅವರಿಂದ ಮೂರೂವರೆ ಸಾವಿರ ತೆಗೆದುಕೊಂಡರು.