ಸಾಲುಮರದ ತಿಮ್ಮಕ್ಕನವರ ಲೆಕ್ಕ

ನೆಟ್ಟ ಸಸಿ ಎಷ್ಟು ಎಂಬುದಕ್ಕಿಂತ ಉಳಿದದ್ದೆಷ್ಟು ಎಂಬುದೇ ಬೆಳೆಗಾರನ ನಿಜವಾದ ಲೆಕ್ಕ. ಶಾಲೆಯ ಮೆಟ್ಟಿಲು ಹತ್ತದೆಯೇ ಈ ಲೆಕ್ಕ ಅರಿತವರು ಸಾಲುಮರದ ತಿಮ್ಮಕ್ಕನವರು. 2025ರ ನವೆಂಬರ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ 114 ವರ್ಷವೆಂದು ದಾಖಲೆ.

ರಾಜಾಜಿನಗರ, ವಿಜಯನಗರಗಳ ನಡುವೆ ಪಶ್ಚಿಮಕ್ಕೆ ಸಾಗುವ ಮಾಗಡಿ ರಸ್ತೆ ನಮ್ಮನ್ನು ಅವರ ಸೀಮೆಗೆ ಒಯ್ಯುತ್ತದೆ. ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ಅವರು ಮದುವೆಯಾಗಿ ಬಂದದ್ದು ಮಾಗಡಿ ತಾಲ್ಲೂಕಿನ ಹುಲಿಕಲ್‌ಗೆ. ಪತಿ ಚಿಕ್ಕಯ್ಯನವರೊಡನೆ ಕೂಲಿಯೇ ಜೀವನ. ಮಕ್ಕಳಾಗದ ಕೊರಗನ್ನು ಮರಗಳಲ್ಲಿ ಮರೆತರು.

ಅವರ ಕ್ರಮವನ್ನು ಗಮನಿಸಬೇಕು. ಮೊದಲ ವರ್ಷ 10 ಆಲದ ಸಸಿ, ಮರುವರ್ಷ 15, ಮೂರನೆಯ ವರ್ಷ 20. ನೆಡುವುದು ಮಳೆಗಾಲದಲ್ಲಿ. ಬೇಸಿಗೆಯಲ್ಲಿ ಬಿಂದಿಗೆಯಲ್ಲಿ ನೀರು ಹೊತ್ತರು. ದನಕರು ಮೇಯದಂತೆ ಮುಳ್ಳುಬೇಲಿ ಕಟ್ಟಿದರು. ಹೀಗೆ ಹುಲಿಕಲ್–ಕುದೂರು ರಸ್ತೆಯಲ್ಲಿ 385 ಆಲಗಳು ಬೆಳೆದವು.

1991ರಲ್ಲಿ ಚಿಕ್ಕಯ್ಯ ತೀರಿಕೊಂಡರು. ಮುಂದೆ ದತ್ತುಮಗ ಆಸರೆಯಾದರು. 1995ರಲ್ಲಿ ರಾಷ್ಟ್ರೀಯ ಪೌರ ಪ್ರಶಸ್ತಿ, 2019ರಲ್ಲಿ ಪದ್ಮಶ್ರೀ ಬಂದವು. ಅದೇ 2019ರಲ್ಲಿ ರಸ್ತೆ ಅಗಲೀಕರಣದಿಂದ ಮರಗಳಿಗೆ ಕುತ್ತು ಬಂದಾಗ ಅವರು ಮುಖ್ಯಮಂತ್ರಿಗಳ ಮೊರೆಹೋದರು; ಸರ್ಕಾರ ಬೇರೆ ದಾರಿ ಹುಡುಕಲು ಒಪ್ಪಿತು. ನೆಟ್ಟವರೇ ಕಾಯಬೇಕೆಂಬುದು ನೂರು ದಾಟಿದ ಮೇಲೂ ತಪ್ಪಲಿಲ್ಲ.

ನಮ್ಮ ಕಾಫಿ ತೋಟಗಳ ನೆರಳಿನ ಅತ್ತಿ, ಬಸರಿ, ಗೋಣಿಗಳೂ ಆಲದ ಕುಲದವೇ. ನೆರಳಿನ ಗಿಡವಾಗಲಿ, ಅಡಿಕೆ ಸಸಿಯಾಗಲಿ, ಒಮ್ಮೆಗೇ ನೂರಾರು ನೆಟ್ಟು ಬೇಸಿಗೆಯಲ್ಲಿ ಒಣಗಿಸುವುದು ದಂಡ. ನೀರು, ಆಳು ಎಷ್ಟಕ್ಕೆ ಸಾಲುವುದೋ ಅಷ್ಟೇ ಗುಂಡಿ ತೆಗೆಯಿರಿ. ಬೇಲಿ ಮೊದಲು ಕಟ್ಟಿರಿ. ಸತ್ತ ಸಸಿಯ ಜಾಗವನ್ನು ಮರುವರ್ಷವೇ ತುಂಬಿರಿ.