‘ರಿ’ ಪ್ರತ್ಯಯ ಮತ್ತು ಇಂಗ್ಲಿಷ್ ಸಂಭಾಷಣೆಯ ಕಲಿಕೆ

ಹೊರದೇಶಗಳ ಅನೇಕ ಕ್ರೈಸ್ತ ಸಭೆಗಳು ಹೊಸದಾಗಿ ಬಂದವರಿಗಾಗಿ ಇಂಗ್ಲಿಷ್ ಸಂಭಾಷಣಾ ಕೂಟಗಳನ್ನು ನಡೆಸುತ್ತವೆ. ಚಹಾ, ಮಾತುಕತೆ, ಅನ್ಯೋನ್ಯತೆಗಳ ಮೂಲಕ ಭಾಷೆ ಕಲಿಸುವ ಇಂತಹ ಕೂಟದಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಕನ್ನಡಿಗರಿಗೆ ಎದುರಾಗಬಹುದಾದ ತೊಡಕೊಂದನ್ನು ನಾವಿಲ್ಲಿ ವಿವರಿಸುತ್ತೇವೆ.

ಈ ಭಾಗದ ಆಡುನುಡಿಯಲ್ಲಿ ಗೌರವವನ್ನು ಮುಖ್ಯವಾಗಿ ‘ರಿ’ ಪ್ರತ್ಯಯವೇ ಹೊರುತ್ತದೆ. ಅದು ‘ಬರ್ರಿ’, ‘ಕೂಡ್ರಿ’ ಎಂಬ ವಿಧ್ಯರ್ಥಕ ರೂಪಗಳಲ್ಲಿ ಮಾತ್ರವಲ್ಲದೆ ‘ಹೌದ್ರಿ’, ‘ಏನ್ರಿ’ ಎಂಬಲ್ಲಿಯೂ ಸೇರುತ್ತದೆ. ಆದ್ದರಿಂದ ‘ಉಪ್ಪು ಕೊಡ್ರಿ’ ಎಂಬುದು ವಿನಯದ ಕೋರಿಕೆಯೇ. ‘ದಯವಿಟ್ಟು’ ಎಂಬ ಪದ ಬೇಕಿಲ್ಲ. ಇಂಗ್ಲಿಷ್ ಕ್ರಿಯಾಪದಕ್ಕೆ ಇಂತಹ ಪ್ರತ್ಯಯವಿಲ್ಲ. ಅಲ್ಲಿ ವಿನಯವು ‘ಪ್ಲೀಸ್’ ಎಂಬ ಪ್ರತ್ಯೇಕ ಪದದಲ್ಲಿ, ‘ಕುಡ್ ಯು’ ಎಂಬ ಪ್ರಶ್ನಾರೂಪದಲ್ಲಿ, ದನಿಯ ಏರಿಳಿತದಲ್ಲಿ ನೆಲೆಸಿದೆ. ಪದಶಃ ಅನುವಾದಿಸಿದರೆ ‘ರಿ’ ಉದುರಿ ‘ಗಿವ್ ಮೀ ದ ಸಾಲ್ಟ್’ ಎಂಬ ಆಜ್ಞೆ ಮಾತ್ರ ಉಳಿಯುತ್ತದೆ.

ವ್ಯಾಕರಣದೋಷವನ್ನು ಕೇಳುಗರು ಭಾಷೆಯ ಕೊರತೆಯೆಂದು ಕ್ಷಮಿಸುತ್ತಾರೆ; ಇಂತಹ ಲೋಪವನ್ನು ಸ್ವಭಾವದ ದೋಷವೆಂದು ತಿಳಿಯುತ್ತಾರೆ. 1983ರಲ್ಲಿ ಜೆನ್ನಿ ಥಾಮಸ್ ಎತ್ತಿ ತೋರಿದ ಅಂಶವಿದು. ಸಜ್ಜನರೂ ಒರಟರೆನಿಸುವುದು ಹೀಗೆ.

ಇದೇ ಸೀಮೆಗೆ ಹತ್ತಿರದ ಧಾರವಾಡದಲ್ಲಿ ಬಾಸೆಲ್ ಮಿಶನ್ 1837ರಲ್ಲಿ ನೆಲೆಯೂರಿದಾಗ ಪಾತ್ರಗಳು ಅದಲುಬದಲಾಗಿದ್ದವು: ಹೊಸಬರು ಮಿಶನರಿಗಳು, ಕಲಿಯಬೇಕಾದ ನುಡಿ ಕನ್ನಡ. ಆ ಮಿಶನ್ನಿನ ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾಯಿತು. ನಿಘಂಟು ಪದದ ಅರ್ಥವನ್ನು ತಿಳಿಸಬಲ್ಲದು. ಅದನ್ನು ಯಾರೊಡನೆ ಹೇಗೆ ಆಡಬೇಕೆಂಬುದನ್ನು ಒಡನಾಟವೇ ಕಲಿಸಬೇಕು. ಆದುದರಿಂದ ಸಂಭಾಷಣಾ ಕೂಟಗಳು ವಾಕ್ಯಗಳನ್ನು ತಿದ್ದುವುದರ ಜೊತೆಗೆ, ಉದುರಿಹೋದ ‘ರಿ’ಗೆ ಇಂಗ್ಲಿಷಿನಲ್ಲಿ ಎಲ್ಲಿ ನೆಲೆಯಿದೆ ಎಂಬುದನ್ನೂ ತೋರಿಸಬೇಕೆಂದು ನಾವು ಭಾವಿಸುತ್ತೇವೆ.