ನಿಮಗಿದು ಗೊತ್ತೆ? ಗಬ್ಬರ್ ಸಿನಿಮಾಕ್ಕಿಂತ ಹಳಬ!

ಕಾಟ ಕೊಡುವ ಮೇಲಧಿಕಾರಿಗೆ, ಹೆದರಿಸಿ ವಸೂಲಿ ಮಾಡುವವನಿಗೆ ಬೆನ್ನ ಹಿಂದೆ ‘ಗಬ್ಬರ್’ ಎಂದು ಹೆಸರಿಡುವುದುಂಟು. ಈ ಹೆಸರು ಮನೆಮಾತಾದದ್ದು 1975ರ ಹಿಂದಿ ಚಿತ್ರ ‘ಶೋಲೆ’ಯ ಖಳನಾಯಕನಿಂದ. ಆದರೆ ಅದು ಚಿತ್ರಕಥೆ ಬರೆದ ಸಲೀಂ–ಜಾವೇದ್ ಜೋಡಿಯ ಸೃಷ್ಟಿಯಲ್ಲ. 1950ರ ದಶಕದಲ್ಲಿ ಚಂಬಲ್ ಕಣಿವೆಯಲ್ಲಿ ಗಬ್ಬರ್ ಸಿಂಗ್ ಎಂಬ ಡಕಾಯಿತ ನಿಜಕ್ಕೂ ಇದ್ದ. ಹಳ್ಳಿಗರ ಮೂಗು ಕೊಯ್ಯುತ್ತಿದ್ದನೆಂಬ ಕುಖ್ಯಾತಿ ಅವನದು. 1959ರಲ್ಲಿ ಪೊಲೀಸರ ಗುಂಡಿಗೆ ಸತ್ತ. ಸಿನಿಮಾದ ಗಬ್ಬರ್ ಮಾತ್ರ ಠಿಕಾಣಿ ಹೂಡಿದ್ದು ನಮ್ಮ ರಾಮನಗರದ ಬಂಡೆಗಳ ನಡುವೆ. ಚಿತ್ರೀಕರಣ ನಡೆದದ್ದು ಅಲ್ಲೇ.

ಗಬ್ಬರ್ ಪಾತ್ರ ಮೊದಲು ನಟ ಡ್ಯಾನಿ ಡೆನ್ಜೊಂಗ್ಪಾ ಪಾಲಿಗೆ ಬಂದಿತ್ತು. ಅವರು ಬೇರೊಂದು ಚಿತ್ರದಲ್ಲಿ ಸಿಕ್ಕಿಕೊಂಡಿದ್ದರಿಂದ ಅಮ್ಜದ್ ಖಾನ್‌ಗೆ ಒಲಿಯಿತು. ಪಾಲಿಡಾರ್ ರೆಕಾರ್ಡ್ ಕಂಪನಿ ಚಿತ್ರದ ಹಾಡುಗಳಲ್ಲದೆ ಬರೀ ಸಂಭಾಷಣೆಯದೇ ರೆಕಾರ್ಡನ್ನೂ ಹೊರತಂದಿತು. ಗಬ್ಬರ್ ವೇಷದಲ್ಲೇ ಅಮ್ಜದ್ ಬ್ರಿಟಾನಿಯಾ ಗ್ಲೂಕೋಸ್ ಬಿಸ್ಕತ್ತಿನ ಜಾಹೀರಾತಿಗೂ ಬಂದರು. ಮಕ್ಕಳ ತಿಂಡಿಗೆ ಡಕಾಯಿತನ ಶಿಫಾರಸು!

2017ರಲ್ಲಿ ರಾಹುಲ್ ಗಾಂಧಿ ಜಿಎಸ್‌ಟಿಯನ್ನು ‘ಗಬ್ಬರ್ ಸಿಂಗ್ ಟ್ಯಾಕ್ಸ್’ ಎಂದು ಜರೆದಾಗ ಯಾರಿಗೂ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ. ವಿಚಿತ್ರವೆಂದರೆ, 2012ರ ತೆಲುಗು ಚಿತ್ರ ‘ಗಬ್ಬರ್ ಸಿಂಗ್’ನಲ್ಲಿ ಆ ಹೆಸರಿಟ್ಟುಕೊಂಡವನು ಪೊಲೀಸ್ ಅಧಿಕಾರಿ. ಕ್ರಿಕೆಟಿಗ ಶಿಖರ್ ಧವನ್‌ಗೂ ಅದೇ ಅಡ್ಡಹೆಸರು.